ನಾಯಿಯ ನಿಯತ್ತು, ಮನೆಯವರ ನಿಯತ್ತು

ಕನ್ನಡದ ಮಾತುಕತೆಯಲ್ಲಿ ನಾಯಿಗೆ ದೊರೆತಿರುವ ಸ್ಥಾನ ವಿಚಿತ್ರವಾದುದು. ಕೋಪ ಬಂದಾಗ ನಾಲಗೆಯ ತುದಿಗೆ ಬರುವ ಬೈಗುಳವೂ ಅದರ ಹೆಸರೇ. ಕೃತಜ್ಞತೆಗೆ ಉಪಮಾನ ಬೇಕಾದಾಗ ನೆನಪಾಗುವುದೂ ಅದೇ. ‘ನಾಯಿಗಿರುವ ನಿಯತ್ತು ಮನುಷ್ಯನಿಗಿಲ್ಲ’ ಎಂಬ ಮಾತು ಕೇಳಿಬಾರದ ಮನೆಯಿಲ್ಲ. ಆದರೆ ಈ ಮಾತನ್ನು ಆಡುವವರು ಅದರ ಇನ್ನೊಂದು ಮಗ್ಗುಲನ್ನು ಕುರಿತು ಯೋಚಿಸುವುದು ಅಪರೂಪ. ನಾಯಿಯೇನೋ ತನ್ನ ಪಾಲಿನ ನಿಯತ್ತನ್ನು ಉಸಿರಿರುವವರೆಗೆ ಸಲ್ಲಿಸುತ್ತದೆ. ಅದನ್ನು ಮನೆಗೆ ಕರೆತಂದವರು ತಮ್ಮ ಪಾಲಿನದನ್ನು ಎಷ್ಟು ಕಾಲ ಸಲ್ಲಿಸುತ್ತಾರೆ?

ಸಾವಿರ ವರ್ಷಕ್ಕೂ ಹಿಂದೆ ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ಒಬ್ಬ ವೀರ ಉತ್ತರ ಕೊಟ್ಟಿದ್ದಾನೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಂದ ಶಾಸನವೊಂದಿದೆ. ಅದರ ಕಾಲ ಕ್ರಿ. ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಸಂದರ್ಭವದು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನನ್ನು ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳೆಂದಾಗ ಅವನು ಬೇಡಿದ್ದು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯೊಡನೆ ಕಾದಾಡಿ, ಹಂದಿಯನ್ನು ಕೊಂದು, ತಾನೂ ಸತ್ತಿತು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಪೂಜಾರಿ ಉಣ್ಣಬಾರದೆಂದು ಕಟ್ಟಳೆ ಮಾಡಲಾಯಿತು. ನಾಯಿಯನ್ನು ಕೇಳಿ ಪಡೆದವನು ಅದರ ಕೊನೆಯವರೆಗೂ, ಕೊನೆಯಾದ ಮೇಲೂ ಅದಕ್ಕೆ ಹೊಣೆಯಾಗಿದ್ದನು.

ಇಂದಿನ ನಗರದ ಮನೆಗಳಿಗೆ ನಾಯಿ ಒಡೆಯನ ಮೆಚ್ಚುಗೆಯಾಗಿ ಬರುವುದಿಲ್ಲ. ಬಹುಮಟ್ಟಿಗೆ ಮಕ್ಕಳ ಕೈಯಲ್ಲಿ ಬರುತ್ತದೆ. ಮಳೆಗಾಲದ ಒಂದು ಸಂಜೆ, ಚರಂಡಿಯ ಚಪ್ಪಡಿಯ ಕೆಳಗೆ ಕುಂಯ್‌ಗುಡುತ್ತಿದ್ದ ಮರಿಯನ್ನು ಹತ್ತು ವರ್ಷದ ಹುಡುಗ ಅಂಗಿಯೊಳಗೆ ಅಡಗಿಸಿಕೊಂಡು ತರುತ್ತಾನೆ. ತಾಯಿ ಬೇಡವೆನ್ನುತ್ತಾಳೆ, ಅಜ್ಜಿ ಮಡಿಯ ಮಾತೆತ್ತುತ್ತಾಳೆ, ತಂದೆ ಮೊಬೈಲಿನಿಂದ ತಲೆಯೆತ್ತದೆ, ‘ಒಂದೆರಡು ದಿನ ಇರಲಿ ಬಿಡು’ ಎನ್ನುತ್ತಾನೆ. ಎಷ್ಟೋ ಮನೆಗಳಲ್ಲಿ ನಾಯಿ ಸಾಕುವ ತೀರ್ಮಾನವಾಗುವುದು ಹೀಗೆ. ಅಂದರೆ, ಯಾರೂ ತೀರ್ಮಾನ ಮಾಡದೆಯೇ ಆಗುವುದು.

ನಾಯಿಯ ಆಯುಸ್ಸು ಸಾಮಾನ್ಯವಾಗಿ 10ರಿಂದ 13 ವರ್ಷ. ಚೆನ್ನಾಗಿ ನೋಡಿಕೊಂಡರೆ 15 ದಾಟುವುದೂ ಉಂಟು. ಮರಿ ತಂದ ಹುಡುಗ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕುಳಿತಾಗ ಅದಕ್ಕೆ ಆರು ವರ್ಷ. ಅವನು ಪದವಿ ಮುಗಿಸಿ ಪುಣೆಗೋ ಹೈದರಾಬಾದಿಗೋ ನೌಕರಿಗೆ ಹೊರಟಾಗ ಅದಕ್ಕೆ ಹನ್ನೆರಡು. ಕಣ್ಣು ಮಂಜಾಗಿ, ಮೆಟ್ಟಿಲು ಹತ್ತಲಾರದ ಮುದಿತನ. ಆಗ ಅದನ್ನು ನೋಡಿಕೊಳ್ಳುವವರಾರು? ಈ ಪ್ರಶ್ನೆಯನ್ನು ಕೇಳಬೇಕಾದುದು ಹನ್ನೆರಡನೆಯ ವರ್ಷದಲ್ಲಲ್ಲ, ಮೊದಲನೆಯ ಸಂಜೆಯಲ್ಲಿ.

ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆಯಿದೆ. ಆ ಮರಿ ನಿಜವಾಗಿಯೂ ಅನಾಥವೇ? ತಾಯಿನಾಯಿ ಮರಿಗಳನ್ನು ಮರೆಯಲ್ಲಿಟ್ಟು ಆಹಾರ ಹುಡುಕಿಕೊಂಡು ಹೋಗುವುದು ಸಹಜ. ಅದು ಹಿಂತಿರುಗುವುದರೊಳಗೆ ಮರಿಯನ್ನು ಎತ್ತಿಕೊಂಡು ಬಂದರೆ ಅದು ರಕ್ಷಣೆಯಾಗದೆ ಅಪಹರಣವಾಗುತ್ತದೆ. ಮರಿ ಅಪಾಯದ ಸ್ಥಳದಲ್ಲಿರದಿದ್ದರೆ, ಗಾಯಗೊಳ್ಳದಿದ್ದರೆ, ಕೆಲವು ಗಂಟೆಗಳ ಕಾಲ ದೂರದಿಂದ ಗಮನಿಸುವುದು ವಿವೇಕ. ಎಂಟು ವಾರ ತುಂಬುವವರೆಗೆ ಮರಿಗೆ ತಾಯಿಯ ಮಗ್ಗುಲೇ ಪಾಠಶಾಲೆ. ಎಷ್ಟು ಕಚ್ಚಿದರೆ ಆಟ, ಎಷ್ಟು ಕಚ್ಚಿದರೆ ನೋವು ಎಂಬುದನ್ನು ಅದು ಒಡಹುಟ್ಟಿದವುಗಳೊಡನೆ ಆಡಿಯೇ ಕಲಿಯುತ್ತದೆ. ಮೊದಲೇ ಬೇರ್ಪಟ್ಟ ಮರಿಗಳು ಮುಂದೆ ಅಂಜುಬುರುಕವಾಗುವುದೂ ಕಚ್ಚುವ ಚಾಳಿ ಬೆಳೆಸಿಕೊಳ್ಳುವುದೂ ಹೆಚ್ಚು.

ಬೀದಿಯ ಮರಿ ಬೇಡ, ಜಾತಿನಾಯಿಯೇ ಬೇಕು ಎಂಬುವರೂ ಉಂಟು. ಹಿಮಪ್ರದೇಶದ ಸೈಬೀರಿಯನ್ ಹಸ್ಕಿಯನ್ನೋ ಸೇಂಟ್ ಬರ್ನಾರ್ಡನ್ನೋ ತಂದು, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕುವುದು ಅಂತಸ್ತಿನ ಪ್ರದರ್ಶನವಾದೀತೇ ಹೊರತು ಪ್ರಾಣಿಪ್ರೀತಿಯಾಗದು. ನಾಯಿ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ತೇಕಿಯೇ ತನ್ನ ಶಾಖವನ್ನು ಕಳೆದುಕೊಳ್ಳಬೇಕು. ದಟ್ಟ ತುಪ್ಪುಳಿನ ನಾಯಿಗೆ ಸೆಖೆಯೆಂದರೆ ಶಿಕ್ಷೆ. ಕರ್ನಾಟಕದ ಹೆಮ್ಮೆಯ ಮುಧೋಳ ನಾಯಿ ಕೂಡ ಬಯಲಿನಲ್ಲಿ ಓಡಿ ಬೇಟೆಯಾಡುವುದಕ್ಕೆ ಹೆಸರಾದುದು, ಬಾಲ್ಕನಿಯಲ್ಲಿ ಕೂರಿಸುವುದಕ್ಕಲ್ಲ. ಈ ನೆಲದ ಬಿಸಿಲು ಮಳೆಗಳಲ್ಲಿ ತಲೆತಲಾಂತರದಿಂದ ಬಾಳಿದ ನಾಟಿ ನಾಯಿಯಾದರೋ ಇಲ್ಲಿಯ ಹವೆಗೆ ಒಗ್ಗಿದೆ. ಸೂಕ್ಷ್ಮಬುದ್ಧಿ, ಎಚ್ಚರಗಳಲ್ಲಿಯೂ ಅದು ಕಡಿಮೆಯಿಲ್ಲ.

ಮರಿ ಮನೆಗೆ ಬಂದಾಯಿತು ಎನ್ನೋಣ. ಮೊದಲ ಪ್ರಯಾಣ ಪಶುವೈದ್ಯರಲ್ಲಿಗೆ. ಬೀದಿಯ ಮರಿಗಳ ಹೊಟ್ಟೆಯಲ್ಲಿ ಜಂತುಹುಳು, ಮೈಮೇಲೆ ಉಣ್ಣೆ ಮತ್ತು ಚಿಗಟ ಇದ್ದೇ ಇರುತ್ತವೆ ಎಂದು ಭಾವಿಸುವುದು ಕ್ಷೇಮ. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಡಿಸ್ಟೆಂಪರ್, ಪಾರ್ವೊ ರೋಗಗಳ ಲಸಿಕೆ ಆರಂಭವಾಗಿ, ಮೂರು ನಾಲ್ಕು ವಾರಗಳಿಗೊಮ್ಮೆ ಪುನರಾವರ್ತನೆಯಾಗಬೇಕು. ವಾಂತಿ, ರಕ್ತಭೇದಿಗಳೊಡನೆ ಬರುವ ಪಾರ್ವೊ ಎರಡು ಮೂರು ದಿನಗಳಲ್ಲಿ ಮರಿಯನ್ನು ಕೊಂಡೊಯ್ಯಬಲ್ಲದು. ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ. ಅನಂತರ ವೈದ್ಯರು ಗೊತ್ತುಪಡಿಸಿದಂತೆ ವರ್ಷವರ್ಷವೂ. ಈ ದಿನಾಂಕಗಳನ್ನು ಮಕ್ಕಳ ಲಸಿಕೆಯ ಚೀಟಿಯಷ್ಟೇ ಜೋಪಾನವಾಗಿ ಇಡಬೇಕು.

ರೇಬೀಸಿನ ವಿಷಯದಲ್ಲಿ ಮಾತ್ರ ಪ್ರೀತಿಯ ಹೆಸರಿನಲ್ಲಿ ಯಾವ ರಿಯಾಯಿತಿಯೂ ಸಲ್ಲದು. ಮನುಷ್ಯರಿಗೆ ತಗಲುವ ಈ ರೋಗದಲ್ಲಿ ನೂರಕ್ಕೆ 99ರವರೆಗೂ ನಾಯಿಗಳಿಂದಲೇ ಬರುವುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ವಿರಳ. ಪುಟ್ಟ ಮರಿಗೂ ಈ ರೋಗ ಇರಬಹುದು. ಆದುದರಿಂದ ಬೀದಿಯಿಂದ ತಂದ ಮರಿ ಕಚ್ಚಿದರೆ, ಪರಚಿದರೆ, ಗಾಯವಿದ್ದ ಜಾಗವನ್ನು ನೆಕ್ಕಿದರೆ, ‘ಪಾಪ, ಆಟಕ್ಕೆ ಕಚ್ಚಿತು’ ಎಂದು ಸುಮ್ಮನಿರತಕ್ಕದ್ದಲ್ಲ. ಗಾಯವನ್ನು ಕೂಡಲೇ ಹರಿಯುವ ನೀರು, ಸೋಪುಗಳಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಮೆಣಸಿನಪುಡಿ, ಅರಿಸಿನಗಳನ್ನು ಗಾಯಕ್ಕೆ ಮೆತ್ತುವ ಹಳೆಯ ರೂಢಿ ಅಪಾಯಕರ. ಹೊಕ್ಕಳಿನ ಸುತ್ತ ಹದಿನಾಲ್ಕು ಚುಚ್ಚುಮದ್ದಿನ ಭಯವನ್ನು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡ ಹಿರಿಯರಿದ್ದಾರೆ. ಆ ಹಳೆಯ ಲಸಿಕೆಯ ಬಳಕೆ ಭಾರತದಲ್ಲಿ 2005ರ ವೇಳೆಗೆ ನಿಂತುಹೋಯಿತು. ಈಗಿನದು ತೋಳಿಗೆ ಕೊಡುವ ನಾಲ್ಕೈದು ಚುಚ್ಚುಮದ್ದು. ಗಾಯ ಆಳವಾಗಿದ್ದರೆ ಅದರೊಡನೆ ಗಾಯದ ಸುತ್ತ ಕೊಡುವ ಪ್ರತಿಕಾಯದ ಔಷಧ. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕೆಂಬುದು ನಿಜ. ಆದರೆ ಆ ಹತ್ತು ದಿನ ಕಳೆಯಲೆಂದು ಲಸಿಕೆಯನ್ನು ಮುಂದೂಡುವಂತಿಲ್ಲ.

ರಸ್ತೆಯಲ್ಲಿ ವಾಹನಕ್ಕೆ ಸಿಕ್ಕ ನಾಯಿಯನ್ನು ಕಾಪಾಡುವವರಿಗೂ ಇದೇ ಎಚ್ಚರ ಬೇಕು. ನೋವಿನಲ್ಲಿರುವ ನಾಯಿ ತನ್ನವರನ್ನೂ ಕಚ್ಚುತ್ತದೆ. ಮುಖದ ಹತ್ತಿರ ಬಾಗದೆ, ಮೆಲ್ಲನೆ ಮಾತನಾಡಿಸುತ್ತ, ದಪ್ಪ ಹೊದಿಕೆಯನ್ನು ಹಾಕಿ, ಇಬ್ಬರು ಸೇರಿ ಹಲಗೆಯ ಮೇಲೋ ಬಿಗಿಹಿಡಿದ ದುಪ್ಪಟಿಯ ಮೇಲೋ ಎತ್ತಬೇಕು. ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನು ಕರುಣೆಯಿಂದಲಾದರೂ ನಾಯಿಗೆ ಕೊಡಬಾರದು. ಅವು ಅದಕ್ಕೆ ವಿಷವಾಗಬಲ್ಲವು.

ಇನ್ನು ದಿನನಿತ್ಯದ ಪಾಲನೆ. ‘ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ’ ಎಂಬ ಗಾದೆ ನಾಯಿಗಿಂತ ನಾಯಿ ಸಾಕುವ ಮನೆಗಳಿಗೇ ಚೆನ್ನಾಗಿ ಒಪ್ಪುತ್ತದೆ. ಅಪ್ಪ ಮಗನಿಗೆ ಹೇಳುತ್ತಾನೆ, ಮಗ ತಂಗಿಗೆ ಹೇಳುತ್ತಾನೆ, ತಂಗಿಗೆ ಟ್ಯೂಷನ್ನು. ಕೊನೆಗೆ ಬೇಡವೆಂದಿದ್ದ ತಾಯಿಯೇ ಬೆಳಗಿನ ಅಡಿಗೆಯ ನಡುವೆ ಸರಪಳಿ ಹಿಡಿದು ಹೊರಡಬೇಕು. ಬೆಳಗಿನ ನಡಿಗೆ ಯಾರದು, ಸಂಜೆಯದು ಯಾರದು, ತಟ್ಟೆ ತೊಳೆಯುವವರಾರು, ಊರಿಗೆ ಹೋದಾಗ ನೋಡಿಕೊಳ್ಳುವವರಾರು ಎಂಬುದು ಮೊದಲೇ ಹಂಚಿಕೆಯಾಗಿರಬೇಕು. ಮಕ್ಕಳಿಗೆ ಇದರಲ್ಲಿ ಪಾಲಿರಲಿ. ಪೂರ್ಣ ಹೊಣೆ ಮಾತ್ರ ಹಿರಿಯರದು.

ಮನೆಯಲ್ಲಿ ಉಳಿದ ಸಾರನ್ನ ನಾಯಿಗೆ ಸಾಕೆಂಬ ಭಾವನೆಯೂ ತಪ್ಪು. ಒಗ್ಗರಣೆಯ ಈರುಳ್ಳಿ, ಬೆಳ್ಳುಳ್ಳಿಗಳು ಅದರ ರಕ್ತಕ್ಕೆ ಹಾನಿಕರ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ಮಕ್ಕಳು ಮುದ್ದಿನಿಂದ ಕೊಡುವ ಚಾಕೊಲೇಟ್ ಕೂಡ ವಿಷವೇ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚಿಕೊಳ್ಳುತ್ತದೆ. ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗುವುದಿಲ್ಲ. ಬರಿಯ ಮೊಸರನ್ನದಿಂದ ಅದಕ್ಕೆ ಬೇಕಾದ ಸಸಾರಜನಕ ದೊರೆಯದು. ಸಸ್ಯಾಹಾರಿಗಳ ಮನೆಯವರು ಈ ವಿಷಯದಲ್ಲಿ ವೈದ್ಯರ ಸಲಹೆ ಪಡೆದೇ ಊಟವನ್ನು ಗೊತ್ತುಮಾಡಬೇಕು. ಆಹಾರ ಏನೇ ಇರಲಿ, ಶುದ್ಧವಾದ ನೀರು ಸದಾ ಇರತಕ್ಕದ್ದು.

ಹಗಲಿರುಳೂ ಕಟ್ಟಿಹಾಕಿದ ನಾಯಿ ಕಾವಲುಗಾರನಾಗುವುದಿಲ್ಲ, ರೋಗಿಯಾಗುತ್ತದೆ. ಅದರ ನಿಲ್ಲದ ಬೊಗಳುವಿಕೆ ಹಲವೇಳೆ ಬೇಸರದ ಕೂಗು. ನೆರೆಯವರ ನಿದ್ದೆ ಕೆಟ್ಟರೆ ಅವರು ದೂರುವುದು ನಾಯಿಯನ್ನು. ದೂರಬೇಕಾದುದು ಅದನ್ನು ಓಡಾಡಿಸದವರನ್ನು. ಹೊರಗೆ ಹೋಗುವಾಗ ಕೊರಳಪಟ್ಟಿ, ಅದರಲ್ಲಿ ಮನೆಯವರ ದೂರವಾಣಿ ಸಂಖ್ಯೆ, ಕೈಯಲ್ಲಿ ಹಗ್ಗ, ಮಲವನ್ನು ಎತ್ತುವುದಕ್ಕೆ ಕಾಗದ ಇರಬೇಕು. ಲಿಫ್ಟಿನಲ್ಲಿ ನಾಯಿಗೆ ಹೆದರುವ ಮಗುವೋ ಮುದುಕರೋ ಇದ್ದರೆ ಕಾದು ಮುಂದಿನ ಸರದಿಗೆ ಹೋಗುವುದು ಸಭ್ಯತೆ. ‘ನಮ್ಮದು ಏನೂ ಮಾಡುವುದಿಲ್ಲ’ ಎಂಬ ಆಶ್ವಾಸನೆ ಹೆದರಿದವರಿಗೆ ಸಮಾಧಾನ ಕೊಡದು. ದೀಪಾವಳಿಯ ರಾತ್ರಿ ಪಟಾಕಿಯ ಸದ್ದಿಗೆ ಬೆದರಿ ಓಡಿ ಕಳೆದುಹೋಗುವ ನಾಯಿಗಳಿಗೆ ಲೆಕ್ಕವಿಲ್ಲ. ಆ ದಿನಗಳಲ್ಲಿ ಅದಕ್ಕೆ ಒಳಕೋಣೆಯೂ ಜೊತೆಗೊಬ್ಬರೂ ಬೇಕು.

ಸಂತಾನಹರಣ ಶಸ್ತ್ರಚಿಕಿತ್ಸೆಯ ಮಾತು ಬಂದೊಡನೆ, ‘ಪ್ರಕೃತಿಗೆ ವಿರುದ್ಧವಲ್ಲವೇ?’ ಎಂದು ಮರುಗುವವರಿದ್ದಾರೆ. ಹೆಣ್ಣುನಾಯಿ ಸುಮಾರು 63 ದಿನಗಳಲ್ಲಿ ಈಯುತ್ತದೆ. ಆರೇಳು ಮರಿಗಳಲ್ಲಿ ಎರಡಕ್ಕೆ ಮನೆ ಸಿಕ್ಕರೆ ಉಳಿದವು ಸೇರುವುದು ಯಾವ ಬೀದಿಯನ್ನು? 2023ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನಡೆಸಿದ ಸಮೀಕ್ಷೆಯ ಪ್ರಕಾರ ಆ ನಗರವೊಂದರಲ್ಲೇ ಸುಮಾರು 2.8 ಲಕ್ಷ ಬೀದಿನಾಯಿಗಳಿದ್ದವು. ಅವುಗಳ ಸಂಖ್ಯೆಗೆ ಮನೆಯಿಂದಲೂ ಒಂದಿಷ್ಟು ಸೇರಿಸುವುದು ಪ್ರಕೃತಿಗೆ ಮಾಡುವ ಉಪಕಾರವಲ್ಲ. ಯಾವ ವಯಸ್ಸಿನಲ್ಲಿ ಮಾಡಿಸಬೇಕೆಂಬುದನ್ನು ಪಶುವೈದ್ಯರು ಹೇಳುತ್ತಾರೆ. ಬೀದಿಯಲ್ಲಿ ಕಿವಿಯ ತುದಿ ಕತ್ತರಿಸಿದ ಗುರುತುಳ್ಳ ನಾಯಿ ಕಂಡರೆ, ಅದಕ್ಕೆ ಶಸ್ತ್ರಚಿಕಿತ್ಸೆಯಾಗಿದೆಯೆಂದು ಅರ್ಥ.

ನಿಯತ್ತಿನ ನಿಜವಾದ ಪರೀಕ್ಷೆ ಬರುವುದು ಸಂಸಾರಕ್ಕೆ ತೊಡಕು ಬಂದಾಗ. ವರ್ಗಾವಣೆಯಾಗುತ್ತದೆ, ಹೊಸ ಮನೆಯ ಮಾಲೀಕ ನಾಯಿ ಬೇಡವೆನ್ನುತ್ತಾನೆ, ಮನೆಗೆ ಎಳೆಗೂಸು ಬರುತ್ತದೆ, ಇಲ್ಲವೆ ನಾಯಿಗೇ ಮುಪ್ಪಡರಿ ಔಷಧದ ಖರ್ಚು ಏರುತ್ತದೆ. ಆಗ ಕಾರಿನಲ್ಲಿ ಕೂರಿಸಿ ದೂರದ ಬಡಾವಣೆಯಲ್ಲಿ ಇಳಿಸಿ ಬರುವವರಿದ್ದಾರೆ. ‘ಅಲ್ಲಿ ಹೋಟೆಲುಗಳಿವೆ, ಹೇಗೋ ಬದುಕಿಕೊಳ್ಳುತ್ತದೆ’ ಎಂಬುದು ಅವರು ತಮ್ಮ ಮನಸ್ಸಿಗೆ ಹೇಳಿಕೊಳ್ಳುವ ಸಮಾಧಾನ. ಅದು ಬದುಕಿಕೊಳ್ಳುವುದಿಲ್ಲ. ಪ್ರತಿ ಬೀದಿಗೂ ಅಲ್ಲಿಯ ನಾಯಿಗಳ ಗಡಿಯಿದೆ. ಹೊಸದು ಬಂದರೆ ಅವು ಮುತ್ತಿ ಕಚ್ಚುತ್ತವೆ. ತಟ್ಟೆಯ ಊಟಕ್ಕೆ ಒಗ್ಗಿದ ಪ್ರಾಣಿಗೆ ಕಸದ ರಾಶಿಯಲ್ಲಿ ಹುಡುಕುವ ವಿದ್ಯೆ ಬರುವುದಿಲ್ಲ. ಇಳಿಸಿದ ಜಾಗದಲ್ಲೇ ಕಾದು ಕುಳಿತು, ಬರುವ ಪ್ರತಿ ವಾಹನದತ್ತ ಎದ್ದು ಓಡುತ್ತದೆ.

ಇದು ಕೇವಲ ನಿರ್ದಯತೆಯಲ್ಲ, ಅಪರಾಧವೂ ಹೌದು. ರಾಜ್ಯಸಭೆಯ ಸದಸ್ಯೆಯಾಗಿದ್ದ ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ, ಹಸಿವು ಬಾಯಾರಿಕೆಗಳಿಗೆ ಈಡಾಗುವಂತೆ ಸಾಕುಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಶಿಕ್ಷಾರ್ಹ. ಕಟ್ಟಿಹಾಕಿಯೇ ಇಟ್ಟ ನಾಯಿಯನ್ನು ಓಡಾಡಿಸದಿರುವುದೂ ಶಿಕ್ಷಾರ್ಹ. ಮೊದಲ ತಪ್ಪಿಗೆ ಆ ಕಾಯಿದೆ ಗೊತ್ತುಪಡಿಸಿದ ದಂಡ 10 ರೂಪಾಯಿಯಿಂದ 50 ರೂಪಾಯಿ. ಇಷ್ಟು ಹಗುರವಾದ ದಂಡಕ್ಕೆ ಅಂಜುವವರಾರು? ಅಂಜಬೇಕಾದುದು ಅಂತಃಸಾಕ್ಷಿಗೆ. ಬೀದಿನಾಯಿಗಳ ಪ್ರಕರಣದಲ್ಲಿ 2025ರ ಆಗಸ್ಟ್ 22ರಂದು ಆದೇಶವಿತ್ತ ಸರ್ವೋಚ್ಚ ನ್ಯಾಯಾಲಯವು, ಪ್ರಾಣಿಪ್ರಿಯರು ಸ್ಥಳೀಯ ಪೌರಸಂಸ್ಥೆಗೆ ಅರ್ಜಿ ಸಲ್ಲಿಸಿ ಬೀದಿನಾಯಿಯನ್ನು ದತ್ತು ಪಡೆಯಬಹುದೆಂದಿತು. ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅರ್ಜಿದಾರರ ಹೊಣೆಯೆಂದೂ ಅದರೊಡನೆಯೇ ಹೇಳಿತು. ದತ್ತು ಎಂಬ ಶಬ್ದಕ್ಕೆ ಇದಕ್ಕಿಂತ ಬೇರೆ ಅರ್ಥವಿಲ್ಲ.

ನಿಜವಾಗಿಯೂ ಇಟ್ಟುಕೊಳ್ಳಲಾಗದ ಸಂದರ್ಭ ಬಂದರೆ ಅವಸರಪಡದೆ, ಬಂಧುಗಳಲ್ಲೋ ಪರಿಚಿತರಲ್ಲೋ ಇನ್ನೊಂದು ಮನೆಯನ್ನು ಹುಡುಕಬೇಕು. ಅದರ ಲಸಿಕೆಯ ಚೀಟಿ, ಊಟದ ವೇಳೆ, ಅಂಜಿಕೆಗಳು, ಚೇಷ್ಟೆಗಳು ಎಲ್ಲವನ್ನೂ ತಿಳಿಸಿ ಒಪ್ಪಿಸಿ, ಹೊಂದಿಕೊಂಡಿತೇ ಎಂದು ಹೋಗಿ ನೋಡಿಬರಬೇಕು. ಹೆಣ್ಣು ಕೊಟ್ಟ ಮನೆಯನ್ನು ವಿಚಾರಿಸಿಕೊಳ್ಳುವ ಜನಕ್ಕೆ ಇದು ತಿಳಿಯದ ಮರ್ಯಾದೆಯೇನಲ್ಲ.

ಇಷ್ಟೆಲ್ಲವನ್ನೂ ಓದಿದ ಮೇಲೆ, ತಮ್ಮ ಮನೆಗೆ ಇದು ಸಾಧ್ಯವಾಗದೆಂದು ಯಾರಿಗಾದರೂ ತೋರಿದರೆ ಅದರಲ್ಲಿ ನಾಚಿಕೆಪಡುವಂತಹುದು ಏನೂ ಇಲ್ಲ. ಬೀದಿಯ ಒಂದು ನಾಯಿಯ ಲಸಿಕೆಗೂ ಶಸ್ತ್ರಚಿಕಿತ್ಸೆಗೂ ನೆರವಾಗಬಹುದು. ಬೇಸಗೆಯಲ್ಲಿ ಗೇಟಿನ ಹೊರಗೊಂದು ನೀರಿನ ತೊಟ್ಟಿ ಇಡಬಹುದು. ಮರಿ ತಂದ ಮಗುವನ್ನು ಗದರಿಸದೆ, ಅದಕ್ಕೆ ತಕ್ಕ ಮನೆಯನ್ನು ಅವನೊಡನೆ ಕೂಡಿ ಹುಡುಕಬಹುದು. ಆಗದೆಂದು ಮೊದಲೇ ಹೇಳಿದವರ ಮೇಲೆ ನಾಯಿಗೆ ಯಾವ ಸಾಲವೂ ಇಲ್ಲ. ಆಗುವುದೆಂದು ಒಮ್ಮೆ ಕರೆದು ತಟ್ಟೆಯಿಟ್ಟವರಿಗೆ ಮಾತ್ರ, ಹದಿಮೂರು ಹದಿನಾಲ್ಕು ವರ್ಷ, ದಿನಕ್ಕೆರಡು ಸಲ, ಆ ತಟ್ಟೆ ತುಂಬುವ ಕೆಲಸವಿದೆ.