ಕುದುರೆ ಹೋದರೂ ಹೆಸರು ಉಳಿಯಿತು!



ಮುಂಬಯಿಗೆ ಹೋದವರು ಕಾಲಾ ಘೋಡಾ ನೋಡಿರುತ್ತೀರಿ. ಹಾಗೆಂದರೆ ಕರಿಕುದುರೆ. ಮುಂದೆ ಏಳನೇ ಎಡ್ವರ್ಡ್ ದೊರೆಯಾದ ಬ್ರಿಟಿಷ್ ಯುವರಾಜ ಕುದುರೆ ಏರಿ ಕುಳಿತ ಪ್ರತಿಮೆಯನ್ನು 1879ರಲ್ಲಿ ಅಲ್ಲಿ ನಿಲ್ಲಿಸಿದರು. ಬೀದಿಯ ಜನ ಸವಾರನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ತಮ್ಮ ಮಾತಿನಲ್ಲಿ ಆ ಜಾಗಕ್ಕೆ ಕುದುರೆಯ ಹೆಸರಿಟ್ಟರು! 1965ರಲ್ಲಿ ಪ್ರತಿಮೆಯನ್ನು ಬೈಕುಲ್ಲಾದ ಉದ್ಯಾನಕ್ಕೆ ಸಾಗಿಸಿದರು. ಕುದುರೆ ಹೋಯಿತು, ಹೆಸರು ಉಳಿಯಿತು. 2017ರಲ್ಲಿ ಅಲ್ಲಿ ಹೊಸ ಕರಿಕುದುರೆ ಎದ್ದು ನಿಂತಿತು. ಅದರ ಬೆನ್ನ ಮೇಲೆ ಯಾವ ದೊರೆಯೂ ಇಲ್ಲ!

ಇದೇ ಹೆಸರಿನಲ್ಲಿ 1999ರಿಂದ ಅಲ್ಲಿ ಕಲೆಯ ಹಬ್ಬ ನಡೆಯುತ್ತಿದೆ. 2025ರಲ್ಲಿ ಅದಕ್ಕೆ ಬೆಳ್ಳಿಹಬ್ಬ. ಒಂಬತ್ತು ದಿನ ರಾಂಪಾರ್ಟ್ ರೋ ಬೀದಿಯಲ್ಲಿ ಕಾರುಗಳಿಗೆ ಜಾಗವಿಲ್ಲ. ಇಂದಿನ ಕಲಾವಿದರ ಶಿಲ್ಪಗಳು ನಡುಬೀದಿಯಲ್ಲಿ ನಿಲ್ಲುತ್ತವೆ. ಟಿಕೆಟ್ ಇಲ್ಲ, ಬಾಗಿಲಿಲ್ಲ. ಬರುವವರೆಲ್ಲ ಫೋಟೋಕ್ಕೆ ಬರುತ್ತಾರೆ ಎಂದು ಮೂಗು ಮುರಿಯುವವರಿದ್ದಾರೆ. ಬರಲಿ ಬಿಡಿ! ಫೋಟೋಕ್ಕೆ ನಿಂತವರಲ್ಲಿ ಒಬ್ಬನಾದರೂ ತಿರುಗಿ ನೋಡಿ, "ಇದೇನು?" ಎಂದು ಕೇಳಿಯೇ ಕೇಳುತ್ತಾನೆ.

ನಮ್ಮಲ್ಲಿ? ಜನವರಿಯ ಒಂದು ಭಾನುವಾರ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಕುಮಾರಕೃಪಾ ರಸ್ತೆಯನ್ನು ತುಂಬಿಸುತ್ತದೆ. ಅದು ನಮ್ಮ ಹೆಮ್ಮೆ. ಆದರೆ ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಬರಬಹುದು. ಆಳೆತ್ತರದ ಕಲ್ಲನ್ನು ಬೆಳಗ್ಗೆ ಇಳಿಸಿ ಸಂಜೆ ಲಾರಿಗೆ ಏರಿಸಲು ಯಾವ ಶಿಲ್ಪಿಗೆ ಕಟ್ಟುತ್ತದೆ? ಬೇಲೂರು, ಹಳೇಬೀಡಿನ ನಾಡಿದು. ಇಂದಿಗೂ ಮಾಲೂರಿನ ಶಿವಾರಪಟ್ಟಣದಲ್ಲಿ ಉಳಿಯ ಸದ್ದು ನಿಂತಿಲ್ಲ. ಇಂಥ ನಾಡಿನ ರಾಜಧಾನಿಯಲ್ಲಿ ಶಿಲ್ಪಕ್ಕೆ ಒಂದು ವಾರ, ಒಂದು ಬೀದಿ ಸಿಗಬಾರದೇ?

ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ವರ್ಷಕ್ಕೊಂದು ವಾರ ಒಂದು ಬೀದಿಯನ್ನು ಶಿಲ್ಪಿಗಳಿಗೆ ಬಿಟ್ಟುಕೊಡಿ ಎಂದು ನಿಮ್ಮ ಪಾಲಿಕೆಯನ್ನು ಕೇಳಿ. ಗುಂಪು ಕಟ್ಟಿ, ಸಹಿ ಹಾಕಿ, ಅರ್ಜಿ ಕೊಡಿ. ಜೊತೆಗೆ ಒಂದು ಷರತ್ತು: ಪ್ರತಿ ಶಿಲ್ಪದ ಬುಡದಲ್ಲಿ ಶಿಲ್ಪಿಯ ಹೆಸರು, ಶಿಲ್ಪದ ಹೆಸರು, ಅದರ ಬಗ್ಗೆ ನಾಲ್ಕು ಮಾತು ಕನ್ನಡದಲ್ಲಿರಬೇಕು. ಅದೂ ಪಂಡಿತರ ಕನ್ನಡವಲ್ಲ, ಪಕ್ಕದಲ್ಲಿ ಹೂ ಮಾರುವ ತಾಯಿಗೆ ಓದಿ ಹೇಳಿದರೆ ಅರ್ಥವಾಗುವ ಕನ್ನಡ.

ಇದು ಹೊಸ ಬೇಡಿಕೆಯಲ್ಲ. ಬಳ್ಳಿಗಾವೆಯ ದಾಸೋಜ ಬೇಲೂರಿನಲ್ಲಿ, ಮಲ್ಲಿತಮ್ಮ ಸೋಮನಾಥಪುರದಲ್ಲಿ ತಾವು ಕಡೆದ ಶಿಲ್ಪದ ಕೆಳಗೆ ತಮ್ಮ ಹೆಸರನ್ನು ಕನ್ನಡ ಅಕ್ಷರದಲ್ಲೇ ಕೊರೆದಿದ್ದಾರೆ! ಅವರಿಗೆ ಇಲ್ಲದ ನಾಚಿಕೆ ನಮಗೇಕೆ?

ಅದೇ ಏಳನೇ ಎಡ್ವರ್ಡ್ ನಮ್ಮ ಕಬ್ಬನ್ ಪಾರ್ಕಿನಲ್ಲೂ ನಿಂತಿದ್ದಾನೆ. ಅವನನ್ನು ಕೀಳಿರೆಂದು ನಾವು ಹೇಳುತ್ತಿಲ್ಲ. ಅವನಿಗೆ ವರ್ಷವಿಡೀ ಇರುವ ಜಾಗ ನಮ್ಮ ಶಿಲ್ಪಿಗೆ ಏಳು ದಿನವಾದರೂ ಸಿಗಲಿ ಎನ್ನುತ್ತಿದ್ದೇವೆ. ಬೀದಿ ಕೊಡಿಸುವ ಕೆಲಸ ನಿಮ್ಮದು. ಹೆಸರಿನ ಹಲಗೆಗಳನ್ನು ಕಾಸು ಪಡೆಯದೆ ಅಚ್ಚು ಹಾಕಿಕೊಡುವ ಕೆಲಸ ನಮ್ಮ ಮುದ್ರಣಾಲಯದ್ದು.

ಏಳಿ, ಅರ್ಜಿ ಬರೆಯಿರಿ!