ಎರಡು ಕಣ್ಣು, ನಾಲ್ವರು, ಮತ್ತು ನಮ್ಮ ಲೈಸೆನ್ಸಿನ ಹೃದಯ

ಎವರೆಟ್‌ನಲ್ಲಿ ಮಳೆ ಹಿಡಿದು, ನಾವು ರಾಜ್ಯೋತ್ಸವದ ಸಿದ್ಧತೆಯಲ್ಲಿರುವಾಗಲೇ ಅಕ್ಟೋಬರ್ 29 ಬರುತ್ತದೆ. ಪುನೀತ್ ರಾಜಕುಮಾರ್ ಅವರ ಭಾವಚಿತ್ರಕ್ಕೆ ಹಾರ ಹಾಕಿ, ಅವರ ನೇತ್ರದಾನವನ್ನು ನೆನೆದು, ಊಟಕ್ಕೆ ಏಳುತ್ತೇವೆ. ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಹೇಗೆಂದು ಮಾತ್ರ ಕೇಳುವುದಿಲ್ಲ. ಪತ್ರಿಕೆಯವರ ಲೆಕ್ಕ ತಪ್ಪಿರಬೇಕೆಂದು ಭಾವಿಸಿದವರೂ ನಮ್ಮಲ್ಲಿದ್ದಾರೆ.

ಲೆಕ್ಕ ಸರಿಯಾಗಿಯೇ ಇದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರು. ಅಷ್ಟರಲ್ಲೇ ಹಲವು ಪದರಗಳು, ಪದರಕ್ಕೆ ತಕ್ಕ ರೋಗಗಳು. ಮುಂಭಾಗದ ಪದರಗಳು ಗಾಯದಿಂದ ಕಲೆಗಟ್ಟಬಹುದು. ಕೆರಟೋಕೋನಸ್‌ನಲ್ಲಿ ತೆಳುವಾಗಿ ಶಂಕುವಿನಂತೆ ಚಾಚಿಕೊಳ್ಳಬಹುದು. ತೀರ ಒಳಗಿನ ಎಂಡೋಥೀಲಿಯಂ ಒಂದೇ ಸಾಲಿನ ಜೀವಕೋಶಗಳ ಹಾಸು. ಕಾರ್ನಿಯಾದೊಳಕ್ಕೆ ನುಸುಳುವ ನೀರನ್ನು ಹಗಲಿರುಳೂ ಹೊರಹಾಕುವುದು ಅದರ ಕಾಯಕ. ಫುಕ್ಸ್ ರೋಗದಲ್ಲಿ ಈ ಕೋಶಗಳು ನಶಿಸುತ್ತ ಹೋಗಿ, ಕಾರ್ನಿಯಾ ನೀರುಂಡು ಮಬ್ಬಾಗುತ್ತದೆ. ಬೆಳಿಗ್ಗೆ ಮಸುಕಾಗಿದ್ದ ನೋಟ ಹೊತ್ತೇರಿದಂತೆ ತಿಳಿಯಾಗುವುದು ಅದರ ಒಂದು ಸುಳಿವು. 'ವಯಸ್ಸಾಯಿತಲ್ಲ' ಎಂದು ಸುಮ್ಮನಾಗುವ ನಮ್ಮ ಹಿರಿಯರು ಇದನ್ನು ವೈದ್ಯರಿಗೆ ಹೇಳಲೇಬೇಕು.

ಹಿಂದೆ ರೋಗ ಯಾವ ಪದರದ್ದಾದರೂ ಸಾಮಾನ್ಯವಾಗಿ ಇಡೀ ಕಾರ್ನಿಯಾವನ್ನೇ ಬದಲಿಸುತ್ತಿದ್ದರು. 2021ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಪುನೀತರ ಎರಡೂ ಕಾರ್ನಿಯಾಗಳನ್ನು ಪದರವಾಗಿ ಬೇರ್ಪಡಿಸಿ, ಮುಂಭಾಗವನ್ನು ಮೇಲ್ಪದರದ ರೋಗವಿದ್ದ ಇಬ್ಬರಿಗೂ ಹಿಂಭಾಗವನ್ನು ಒಳಪದರ ಕೆಟ್ಟಿದ್ದ ಇಬ್ಬರಿಗೂ ಕಸಿ ಮಾಡಿದರು. ರೋಗ ಎಲ್ಲಿ ಕುಳಿತಿದೆ ಎಂಬ ಸೂಕ್ಷ್ಮದರ್ಶಕದ ಜ್ಞಾನವಿಲ್ಲದೆ ಈ ಹಂಚಿಕೆ ಸಾಧ್ಯವೇ ಇರಲಿಲ್ಲ. ರೋಗಶಾಸ್ತ್ರವೆಂದರೆ ವೈದ್ಯ ವಿದ್ಯಾರ್ಥಿಗಳ ಕಂಠಪಾಠದ ವಿಷಯವೆಂದು ನಾವೂ ಎಣಿಸಿದ್ದೆವು.

ಇನ್ನು ನಮ್ಮ ಮಾತು. ವಾಷಿಂಗ್ಟನ್ ರಾಜ್ಯದಲ್ಲಿ ದಾನಿಯಾಗಿ ನೋಂದಾಯಿಸಿಕೊಂಡವರ ಡ್ರೈವಿಂಗ್ ಲೈಸೆನ್ಸಿನಲ್ಲಿ ಪುಟ್ಟದೊಂದು ಹೃದಯದ ಚಿಹ್ನೆಯಿರುತ್ತದೆ. ಹಾರ ಹಾಕಿದ ಸಂಜೆಯೇ ನಮ್ಮ ನಮ್ಮ ಕಾರ್ಡುಗಳನ್ನು ತೆಗೆದು ನೋಡಿದೆವು. ಸ್ವಯಂಸೇವಕರಾದ ನಮ್ಮಲ್ಲೇ ಹಲವರ ಕಾರ್ಡಿನಲ್ಲಿ ಅದಿರಲಿಲ್ಲ. ಕೌಂಟರಿನಲ್ಲಿ ಕೇಳಿದಾಗ ಅವಸರದಲ್ಲಿ 'ಬೇಡ' ಎಂದಿದ್ದೆವು, ಅಷ್ಟೆ. ಕನ್ನಡಕವಿದೆ, ಸಕ್ಕರೆ ಕಾಯಿಲೆಯಿದೆ, ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ ಎಂಬ ನೆಪಗಳು ಹೆಚ್ಚು ನಿಲ್ಲುವುದಿಲ್ಲ. ಇವು ಸಾಮಾನ್ಯವಾಗಿ ಅಡ್ಡಿಯಲ್ಲ. ಒಳಪದರ ಬಡವಾಗಿದ್ದರೂ ಮುಂಭಾಗ ಇನ್ನೊಬ್ಬರಿಗೆ ಒದಗಬಹುದು; ಅದನ್ನು ನಿರ್ಧರಿಸುವುದು ನೇತ್ರಭಂಡಾರದವರ ಕೆಲಸ, ನಮ್ಮದಲ್ಲ. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗುತ್ತೇವೆಂಬ ಅಳುಕಿಗೆ ನಮ್ಮಲ್ಲಿ ವಾದವಿಲ್ಲ. ಆದರೆ ಆ ಅಳುಕನ್ನು ಇಟ್ಟುಕೊಂಡೇ ದಾನಿಯ ಚಿತ್ರಕ್ಕೆ ಹಾರ ಹಾಕುವುದು ನಮಗೆ ಸರಿಕಾಣುವುದಿಲ್ಲ.

ಊರಿನಿಂದ ಆರು ತಿಂಗಳಿಗೆಂದು ಬಂದಿರುವ ತಂದೆತಾಯಿಯರಿಗೆ ಇಲ್ಲಿನ ಲೈಸೆನ್ಸೂ ಇಲ್ಲ, ಹೃದಯದ ಚಿಹ್ನೆಯೂ ಇಲ್ಲ. ಆಗಬಾರದ್ದು ಆದರೆ ಆ ಪ್ರಶ್ನೆಗೆ ಉತ್ತರಿಸಬೇಕಾದವರು ಮಕ್ಕಳು, ಅದೂ ದುಃಖದ ನಡುವೆ, ಫೋನಿನಲ್ಲಿ. ಅವರ ಮನಸ್ಸಿನಲ್ಲೇನಿದೆ ಎಂಬುದನ್ನು ಈಗಲೇ ಕೇಳಿಟ್ಟುಕೊಳ್ಳೋಣ. ಈ ಸಲದ ರಾಜ್ಯೋತ್ಸವದಲ್ಲಿ ನೋಂದಣಿಗೆಂದು ಒಂದು ಮೇಜು ಹಾಕುತ್ತೇವೆ, ಕಾಫಿಯ ಪಕ್ಕದಲ್ಲೇ.