ಮೂಕಪ್ರಾಣಿಯ ಚಿಕಿತ್ಸೆ ಮತ್ತು ತೊಳೆಯದ ಕೈ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಇಂದು ನಾಯಿ ಬೆಕ್ಕುಗಳು ಮಕ್ಕಳಂತೆಯೇ ಬೆಳೆಯುತ್ತಿವೆ. ಅವು ಕಾಯಿಲೆ ಬಿದ್ದರೆ ನಾವು ಓಡುವುದು ಪರೇಲಿನ ದೊಡ್ಡ ಆಸ್ಪತ್ರೆಗಲ್ಲ; ಸಮೀಪದ ಕಟ್ಟಡದ ನೆಲ ಅಂತಸ್ತಿನಲ್ಲಿ ಒಂದು ಅಂಗಡಿಯಷ್ಟು ಜಾಗದಲ್ಲಿ ನಡೆಯುವ ಚಿಕ್ಕ ಚಿಕಿತ್ಸಾಲಯಕ್ಕೆ. ಅಲ್ಲಿನ ವೈದ್ಯರ ವಿದ್ಯೆಯ ಬಗೆಗೆ ನನಗೆ ಸಂಶಯವಿಲ್ಲ. ನನ್ನ ಪ್ರಶ್ನೆ ಒಂದೇ: ಒಂದು ಪ್ರಾಣಿಯನ್ನು ಮುಟ್ಟಿದ ಕೈಯನ್ನು ಇನ್ನೊಂದನ್ನು ಮುಟ್ಟುವ ಮುನ್ನ ತೊಳೆಯುತ್ತಾರೆಯೇ?

ಎರಡು ವರ್ಷಗಳ ಹಿಂದೆ ನಮ್ಮ ನಾಯಿಮರಿಯನ್ನು ಮೊದಲ ಲಸಿಕೆಗಾಗಿ ಇಂಥದೊಂದು ಚಿಕಿತ್ಸಾಲಯಕ್ಕೆ ಒಯ್ದಿದ್ದೆ. ನಮಗಿಂತ ಮುಂಚೆ ಬಂದಿದ್ದ, ರಕ್ತಭೇದಿಯಿಂದ ಬಳಲುತ್ತಿದ್ದ ಮರಿಯೊಂದನ್ನು ಹಿಡಿದಿದ್ದ ಸಹಾಯಕನು ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ನಮ್ಮ ಮರಿಯನ್ನು ಎತ್ತಿಕೊಂಡ. ನಾಲಿಗೆಯ ತುದಿಗೆ ಬಂದ ಮಾತನ್ನು ಸಂಕೋಚದಿಂದ ನುಂಗಿಕೊಂಡೆ. ಐದನೆಯ ದಿನ ಮರಿ ವಾಂತಿ ಮಾಡತೊಡಗಿತು. ಪಾರ್ವೊ ರೋಗವೆಂದು ತಿಳಿದುಬಂತು. ನಾಲ್ಕು ದಿನ ಸಲೈನಿನ ಮೇಲಿದ್ದು ದೈವಕೃಪೆಯಿಂದ ಉಳಿಯಿತು. ರೋಗವು ಆ ಕೈಯಿಂದಲೇ ಬಂತೆಂದು ಸಾಧಿಸಲಾರೆ. ನೆಲದಿಂದಲೋ ಮೇಜಿನಿಂದಲೋ ಬಂದಿರಲೂಬಹುದು. ಆದರೆ ಕಂಡೂ ಸುಮ್ಮನಿದ್ದುದು ನನ್ನ ತಪ್ಪು.

1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯ ವೈದ್ಯ ಸೆಮ್ಮೆಲ್‌ವೈಸ್, ಶವಪರೀಕ್ಷೆ ಮಾಡಿ ಬಂದವರು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಹೆಂಗಸರನ್ನು ಪರೀಕ್ಷಿಸಬೇಕೆಂದು ವಿಧಿಸಿದ. ಬಾಣಂತಿ ಜ್ವರದ ಸಾವುಗಳು ಗಣನೀಯವಾಗಿ ಇಳಿದವು. ಆದರೂ ಅವನ ಸಮಕಾಲೀನರಲ್ಲಿ ಅನೇಕರು ಒಪ್ಪಲಿಲ್ಲ. ಮನುಷ್ಯರ ಆಸ್ಪತ್ರೆಗಳಿಗೇ ಈ ಪಾಠ ತಡವಾಗಿ ಹತ್ತಿತು. ಪಶುಚಿಕಿತ್ಸಾಲಯಗಳಿಗೆ ಇನ್ನೂ ಪೂರ್ಣವಾಗಿ ಹತ್ತಿಲ್ಲ. ಕೆನಡಾದ ಚಿಕಿತ್ಸಾಲಯಗಳಲ್ಲಿ ಕ್ಯಾಮೆರಾ ಇಟ್ಟು ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೈ ಶುಚಿಗೊಳಿಸಬೇಕಾದ ನೂರು ಸಂದರ್ಭಗಳಲ್ಲಿ ಸುಮಾರು 14ರಲ್ಲಿ ಮಾತ್ರ ಆ ಕಾರ್ಯ ನಡೆದಿತ್ತು. ಆದ್ದರಿಂದ ಇದು ನಮ್ಮ ಊರುಗಳದಷ್ಟೇ ದೋಷವಲ್ಲ.

ಮೇಜಿನ ಮೇಲೆ ಸ್ಯಾನಿಟೈಸರ್ ಶೀಶೆ ಇದ್ದರೆ ಸಾಕೆಂದು ಕೆಲವರು ಭಾವಿಸುತ್ತಾರೆ. ಕೊಳೆಯಿಲ್ಲದ ಕೈಗೆ ಅದು ಉಪಯುಕ್ತವೇ ಸರಿ. ಆದರೆ ಆಲ್ಕೊಹಾಲಿನ ದ್ರಾವಣವನ್ನು ಪಾರ್ವೊ ವೈರಾಣುವಿನ ವಿರುದ್ಧ ನಂಬುವಂತಿಲ್ಲ. ಅಲ್ಲಿ ಸಾಬೂನು, ಹರಿಯುವ ನೀರು, ಚೆನ್ನಾಗಿ ಉಜ್ಜುವುದು ಇವೇ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಇಡೀ ಕ್ರಿಯೆಗೆ ಹಿಡಿಯುವುದು 40ರಿಂದ 60 ಸೆಕೆಂಡು.

ಅಪಾಯ ಪ್ರಾಣಿಗಳಿಗೆ ಮಾತ್ರವೂ ಅಲ್ಲ. ಬೆಕ್ಕಿನಿಂದ ಗಜಕರ್ಣ ಮನುಷ್ಯನಿಗೆ ಅಂಟುತ್ತದೆ. 2005ರ ಜುಲೈ ಮಹಾಪೂರದ ಅನಂತರ ಮುಂಬಯಿಯನ್ನು ಕಾಡಿದ ಇಲಿಜ್ವರವು ಸೋಂಕಿತ ನಾಯಿಯ ಮೂತ್ರದಿಂದಲೂ ಬರಬಲ್ಲದು. ಇವನ್ನು ಮೊದಲು ಮನೆಗೆ ಒಯ್ಯುವವನು, ಅಲ್ಪ ಸಂಬಳಕ್ಕೆ ದುಡಿಯುವ, ಯಾರೂ ತರಬೇತಿ ಕೊಡದ ಆ ಸಹಾಯಕನೇ.

ಜಾಗದ ಬಾಡಿಗೆ ದುಬಾರಿ, ನೀರಿನ ಕಡಿತ ಬೇರೆ, ಇರುವುದು ಒಬ್ಬನೇ ಆಳು ಎಂದು ಚಿಕಿತ್ಸಾಲಯದವರು ಹೇಳಬಹುದು. ಅದು ನಿಜ. ಆದರೆ ನಲ್ಲಿಯುಳ್ಳ ಒಂದು ಡ್ರಮ್ಮು, ಒಂದು ಸಾಬೂನು, ಪರೀಕ್ಷೆಯ ಕೋಣೆಯಲ್ಲೇ ಒಂದು ಬೇಸಿನ್ನು, ಇವು ಅಸಾಧ್ಯವಾದ ವೆಚ್ಚವಲ್ಲ. ಶೌಚಾಲಯದೊಳಗಿನ ಬೇಸಿನ್ನಿಗೆ ದಿನಕ್ಕೆ ಮೂವತ್ತು ಸಲ ಯಾರೂ ಹೋಗಲಾರರು.

ಬ್ಯಾಂಕಿನಲ್ಲಿ ಎಷ್ಟೇ ಪ್ರಾಮಾಣಿಕನಾದ ಕ್ಯಾಷಿಯರನ ನಗದನ್ನೂ ದಿನದ ಕೊನೆಗೆ ತಾಳೆ ನೋಡಿಯೇ ತೀರುತ್ತೇವೆ. ಅದರಿಂದ ಅವನಿಗೆ ಅವಮಾನವಿಲ್ಲ; ವ್ಯವಸ್ಥೆಯ ಮೇಲೆ ಜನರ ವಿಶ್ವಾಸ ನಿಂತಿರುವುದೇ ಆ ತಾಳೆಯ ಮೇಲೆ. ಕೈ ತೊಳೆದಿರಾ ಎಂದು ಕೇಳುವುದೂ ಹಾಗೆಯೇ. ಮೇಜಿನ ಮೇಲಿನ ಪ್ರಾಣಿ ಕೇಳಲಾರದು; ಕೇಳಬೇಕಾದವರು ನಾವು. "ದಾದಾ, ಜರಾ ಹಾತ್ ಧುವಾಲ್ ಕಾ?" ಎಂಬಷ್ಟು ಮರಾಠಿ ಇಲ್ಲಿ ನೆಲೆಸಿರುವ ನಮಗೆಲ್ಲರಿಗೂ ಬರುತ್ತದೆ. ಮುಂದಿನ ಸಲ ಆ ಮಾತನ್ನು ನಾನು ನುಂಗುವುದಿಲ್ಲ. ಓದುಗ ಬಾಂಧವರೂ ನುಂಗಬಾರದೆಂದು ನನ್ನ ವಿನಂತಿ.